ಆ ಮೋಡ ಆ ನಕ್ಷತ್ರದ ತವರಲ್ಲ

ವಿಜಯಸಾರಥಿ ನಕ್ಷತ್ರಪುಂಜದಲ್ಲಿ ಒಂದು ಮೋಡವಿದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ, ಸಣ್ಣ ದೂರದರ್ಶಕಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ. ಗಾಜಿನ ಫಲಕಗಳ ಮೇಲೆ ಗಂಟೆಗಟ್ಟಲೆ ಆಕಾಶದ ಬೆಳಕು ಬೀಳಿಸಿ ಚಿತ್ರ ತೆಗೆಯುವುದನ್ನು ಖಗೋಳ ವಿಜ್ಞಾನಿಗಳು ಕಲಿತ ಮೇಲೆ, 1890ರ ದಶಕದಲ್ಲಿ, ಅದು ಮೊದಲ ಸಲ ಮೂಡಿ ಬಂತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮ್ಯಾಕ್ಸ್ ವೋಲ್ಫ್ ಅದರ ಚಿತ್ರಗಳನ್ನು ತೆಗೆದು ನೋಡಿದರು. ಒಂದು ನಕ್ಷತ್ರಕ್ಕೆ ಬೆಂಕಿ ಹತ್ತಿ, ಅದರ ಮೈಯಿಂದ ಬಾಗಿದ ಜ್ವಾಲೆಗಳು ಹೊರಚಿಮ್ಮುತ್ತಿವೆ ಎಂಬಂಥ ನೋಟ. ‘ಉರಿಯುವ ನಕ್ಷತ್ರ’ ಎಂದು ಅವರು ಕರೆದರು. ಆ ಹೆಸರೇ ಮೋಡಕ್ಕೂ ನಿಂತಿತು. ಪಟ್ಟಿಗಳಲ್ಲಿ ಅದು ಐಸಿ 405. ನಡುವಿನ ನಕ್ಷತ್ರ ಎಇ ಔರಿಗೆ.

ಚಿತ್ರ ನೋಡಿದ ಯಾರಿಗಾದರೂ ಬರುವ ಮೊದಲ ಆಲೋಚನೆ ಒಂದೇ: ಈ ಮೋಡದಲ್ಲೇ ಈ ನಕ್ಷತ್ರ ಹುಟ್ಟಿರಬೇಕು. ಹಾಗೆ ಅನ್ನಿಸುವುದಕ್ಕೆ ಕಾರಣವೂ ಇದೆ. ಎಇ ಔರಿಗೆ ಓ-ವರ್ಗಕ್ಕೆ ಸೇರಿದ್ದು. ಅದರ ಮೇಲ್ಮೈ ಉಷ್ಣತೆ ಮೂವತ್ತು ಸಾವಿರ ಡಿಗ್ರಿಗೂ ಹೆಚ್ಚು, ತೂಕ ಸೂರ್ಯನ ಇಪ್ಪತ್ತು ಪಟ್ಟಿನ ಆಸುಪಾಸು. ಇಷ್ಟು ಭಾರದ ನಕ್ಷತ್ರಗಳು ತಮ್ಮ ಇಂಧನವನ್ನು ದುಂದುಮಾಡಿ ಕೆಲವೇ ದಶಲಕ್ಷ ವರ್ಷಗಳಲ್ಲಿ ಮುಗಿದುಹೋಗುತ್ತವೆ. ಹುಟ್ಟಿದ ಮೋಡ ಚದುರುವ ಮೊದಲೇ ಅವುಗಳ ಬಾಳಿನ ಬಹುಪಾಲು ಕಳೆದಿರುತ್ತದೆ. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ದೊಡ್ಡ ನೀಹಾರಿಕೆಯನ್ನು ಬೆಳಗುತ್ತಿರುವುದು ಅದರೊಳಗೇ ಹುಟ್ಟಿದ ನಕ್ಷತ್ರಗಳು. ಆಕಾಶದಲ್ಲಿ ಇಂಥ ಉದಾಹರಣೆಗಳು ಹೇರಳ. ಐಸಿ 405 ಕೂಡ ಹಾಗೆಯೇ ಎಂದು ತಿಳಿಯುವುದು ಸಹಜವಾಗಿತ್ತು.

ಅದು ಹಾಗಿಲ್ಲ ಎಂದು ಗೊತ್ತಾಗಲು ಸುಮಾರು ಅರವತ್ತು ವರ್ಷ ಬೇಕಾಯಿತು. ಗೊತ್ತಾದದ್ದು ಇನ್ನೂ ಚೆನ್ನಾದ ಚಿತ್ರದಿಂದಲ್ಲ, ನಕ್ಷತ್ರದ ನಡೆಯನ್ನು ಅಳೆದದ್ದರಿಂದ. ಈ ಕತೆಯಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ಇದೇ. ಚಿತ್ರ ಹೇಳುವುದು ಈ ಹೊತ್ತು ಯಾರು ಯಾರ ಪಕ್ಕದಲ್ಲಿದ್ದಾರೆ ಎಂಬುದನ್ನು ಮಾತ್ರ. ಯಾರು ಎಲ್ಲಿಂದ ಬಂದರು ಎಂದು ತಿಳಿಯಬೇಕಾದರೆ ನಡೆಯನ್ನೇ ಕೇಳಬೇಕು.

ನಡೆಯನ್ನು ಕೇಳುವ ಕೆಲಸಕ್ಕೆಂದೇ ಬೆಳೆದ ಊರೊಂದು ನೆದರ್‌ಲ್ಯಾಂಡ್ಸಿನಲ್ಲಿತ್ತು. ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಯಾಕೊಬಸ್ ಕಪ್ಟೈನ್ ಎಂಬ ಹಿರಿಯರು ಹತ್ತೊಂಬತ್ತನೇ ಶತಮಾನದ ಕೊನೆಗೆ ಒಂದು ಖಗೋಳ ಪ್ರಯೋಗಾಲಯ ಕಟ್ಟಿದ್ದರು. ಅವರಿಗೆ ಸ್ವಂತ ದೂರದರ್ಶಕ ಸಿಗಲಿಲ್ಲ. ಬೇರೆ ಬೇರೆ ದೇಶದ ವೀಕ್ಷಣಾಲಯಗಳಿಂದ ಫಲಕಗಳನ್ನು ತರಿಸಿಕೊಂಡು, ನಕ್ಷತ್ರಗಳ ಸ್ಥಾನಗಳನ್ನು ಅಳೆದು ಬರೆಯುವುದೇ ಅಲ್ಲಿನ ಕಸುಬು. ಇಪ್ಪತ್ತು ವರ್ಷ ಬಿಟ್ಟು, ಐವತ್ತು ವರ್ಷ ಬಿಟ್ಟು ಅದೇ ನಕ್ಷತ್ರವನ್ನು ಮತ್ತೆ ಅಳೆದರೆ ಅದು ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ಈ ಸರಿದಾಟಕ್ಕೆ ನಿಜಚಲನೆ ಎಂದು ಹೆಸರು. ಎಇ ಔರಿಗೆ ನೂರು ವರ್ಷಕ್ಕೆ ಸರಿಯುವುದು ನಾಲ್ಕೂವರೆ ಕೋನ ಸೆಕೆಂಡಿಗಿಂತ ತುಸು ಕಡಿಮೆ. ಆಕಾಶದಲ್ಲಿ ಚಂದ್ರಬಿಂಬದ ಅಗಲದಷ್ಟು ದಾಟಲು ಅದಕ್ಕೆ ನಲವತ್ತು ಸಾವಿರ ವರ್ಷ ಬೇಕು. ಇಂಥದ್ದನ್ನು ಹಿಡಿಯಲು ಒಬ್ಬರ ಆಯಸ್ಸು ಸಾಲದು. ಹಿಂದಿನವರು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳನ್ನು ನಂಬಿ, ಮುಂದಿನವರಿಗಾಗಿ ಬರೆದಿಡುವ ಸಂಪ್ರದಾಯ ಬೇಕು.

ಆ ಸಂಪ್ರದಾಯದಲ್ಲಿ ಪಳಗಿದವರು ಆಡ್ರಿಯಾನ್ ಬ್ಲಾವ್. 1914ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿ, ಲೈಡನ್ನಿನಲ್ಲಿ ಓದಿ, ಯುದ್ಧದ ವರ್ಷಗಳನ್ನು ಗ್ರೋನಿಂಗನ್ನಿನಲ್ಲಿ ಕಳೆದು, 1946ರಲ್ಲಿ ಡಾಕ್ಟರೇಟ್ ಪಡೆದರು. ವೃಶ್ಚಿಕ ಮತ್ತು ಸೆಂಟಾರಸ್ ಪುಂಜಗಳ ಉದ್ದಕ್ಕೂ ಹರಡಿರುವ ಬಿಸಿ ನಕ್ಷತ್ರಗಳ ಗುಂಪಿನ ಚಲನೆಯೇ ಅವರ ಪ್ರಬಂಧದ ವಿಷಯ. ಆಮೇಲೆ ಲೈಡನ್ನಿನ ತಂಡದೊಂದಿಗೆ ಕೀನ್ಯಾಕ್ಕೆ ಹೋಗಿ, ಭೂಮಧ್ಯರೇಖೆಯ ಹತ್ತಿರ ಬೀಡುಬಿಟ್ಟು, ನಕ್ಷತ್ರಗಳ ಸ್ಥಾನಗಳನ್ನು ಇನ್ನಷ್ಟು ಖಚಿತವಾಗಿ ಅಳೆಯುವ ಕೆಲಸದಲ್ಲೂ ಕೈಹಾಕಿದರು. ಅಳತೆ ಎಷ್ಟು ನಂಬಲರ್ಹ, ಎಲ್ಲಿ ತಪ್ಪಬಹುದು ಎಂಬುದು ಅವರಿಗೆ ಕರಗತವಾದ ವಿದ್ಯೆ.

ಅದೇ ಹೊತ್ತಿಗೆ ಆರ್ಮೇನಿಯಾದಿಂದ ಒಂದು ದಿಟ್ಟ ವಿಚಾರ ಬಂದಿತ್ತು. ಬಿಸಿಯಾದ ಓ ಮತ್ತು ಬಿ ವರ್ಗದ ನಕ್ಷತ್ರಗಳು ಆಕಾಶದಲ್ಲಿ ಅಲ್ಲಲ್ಲಿ ಸಡಿಲವಾದ ಗುಂಪುಗಳಲ್ಲಿ ಇವೆ, ಆ ಗುಂಪುಗಳನ್ನು ಹಿಡಿದಿಡುವಷ್ಟು ಗುರುತ್ವ ಅವುಗಳಲ್ಲಿಲ್ಲ, ಆದ್ದರಿಂದ ಅವು ಈಗತಾನೇ ಹುಟ್ಟಿ ಚದುರುತ್ತಿರಬೇಕು ಎಂದು ವಿಕ್ಟರ್ ಅಂಬಾರ್ತ್‌ಸುಮಿಯಾನ್ 1947ರಲ್ಲಿ ವಾದಿಸಿದ್ದರು. ನಕ್ಷತ್ರಗಳ ಹುಟ್ಟು ಎಂದೋ ಮುಗಿದುಹೋದ ಸಂಗತಿಯಲ್ಲ, ಇಂದಿಗೂ ನಡೆಯುತ್ತಿದೆ ಎಂಬುದು ಆಗ ಎಲ್ಲರೂ ಒಪ್ಪಿದ್ದ ಮಾತಲ್ಲ. ಬ್ಲಾವ್ ಇದನ್ನು ಅಂಕಿಗಳಲ್ಲಿ ಪರೀಕ್ಷಿಸಿದರು. ಪಾರ್ಥ ಪುಂಜದ ಝೀಟಾ ನಕ್ಷತ್ರದ ಸುತ್ತಲಿನ ಗುಂಪನ್ನು ತೆಗೆದುಕೊಂಡು, ಅದರ ಸದಸ್ಯರ ನಿಜಚಲನೆಯನ್ನು ಹಿಂದಕ್ಕೆ ಓಡಿಸಿದರು. ಗುಂಪು ನಿಜಕ್ಕೂ ಹಿಗ್ಗುತ್ತಿತ್ತು. ಸುಮಾರು 13 ಲಕ್ಷ ವರ್ಷಗಳ ಹಿಂದೆ ಎಲ್ಲವೂ ಒತ್ತಟ್ಟಿಗಿದ್ದವು. ಈ ಫಲಿತಾಂಶ 1952ರಲ್ಲಿ ಪ್ರಕಟವಾಯಿತು. ಸೂರ್ಯನ ವಯಸ್ಸು ನಾನೂರೈವತ್ತು ಕೋಟಿ ವರ್ಷ ದಾಟಿದೆ. ಅದರ ಮುಂದೆ ಹದಿಮೂರು ಲಕ್ಷ ಎಂದರೆ ನಿನ್ನೆ ಮೊನ್ನೆಯ ಮಾತು.

ನಡೆಯನ್ನು ಹಿಂದಕ್ಕೆ ಓಡಿಸಿ ಹುಟ್ಟಿದ ಜಾಗ ಹುಡುಕುವ ಈ ವಿಧಾನ ಕೈಗೆ ಸಿಕ್ಕ ಮೇಲೆ, ಗುಂಪು ಬಿಟ್ಟು ಒಂಟಿಯಾಗಿ ಅಲೆಯುತ್ತಿರುವ ಬಿಸಿ ನಕ್ಷತ್ರಗಳ ಕಡೆಗೆ ಗಮನ ಹೋಗುವುದು ಸಹಜ. ಎಇ ಔರಿಗೆ ಅಂಥ ಒಂಟಿ. ಓ-ವರ್ಗದ ನಕ್ಷತ್ರಗಳು ತಮ್ಮ ಗುಂಪಿಗೆ ಹೋಲಿಸಿದರೆ ಸಾಮಾನ್ಯವಾಗಿ ಸೆಕೆಂಡಿಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಓಡಾಡುತ್ತವೆ. ಇದು ಅವಕ್ಕಿಂತ ಹತ್ತು ಪಟ್ಟು ವೇಗದಲ್ಲಿತ್ತು.

ಆ ವೇಗ ತಿಳಿಯಲು ಮೂರು ಸಂಗತಿ ಬೇಕು. ಆಕಾಶದಲ್ಲಿ ಅಡ್ಡಕ್ಕೆ ಎಷ್ಟು ಸರಿಯುತ್ತದೆ ಎಂಬ ನಿಜಚಲನೆ ಮೊದಲನೆಯದು. ನಮ್ಮಿಂದ ದೂರ ಸರಿಯುವ ಅಥವಾ ನಮ್ಮತ್ತ ಬರುವ ವೇಗ ಎರಡನೆಯದು. ಅದನ್ನು ರೋಹಿತದ ಗೆರೆಗಳ ಸ್ಥಾನಪಲ್ಲಟ ಹೇಳುತ್ತದೆ. ಮೂರನೆಯದು ದೂರ. ಕೋನದ ಅಳತೆಯನ್ನು ಕಿಲೋಮೀಟರಿಗೆ ತಿರುಗಿಸಬೇಕಾದರೆ ದೂರ ತಿಳಿದಿರಲೇಬೇಕು, ಮತ್ತು ಆ ಕಾಲದಲ್ಲಿ ಸಾವಿರ ಜ್ಯೋತಿರ್ವರ್ಷದಾಚೆಯ ನಕ್ಷತ್ರದ ದೂರವನ್ನು ನೇರವಾಗಿ ಅಳೆಯುವ ಉಪಾಯ ಇರಲಿಲ್ಲ. ಇಲ್ಲಿ ಬೇಕಾದದ್ದು ಇನ್ನೊಬ್ಬರ ಕಣ್ಣು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಯರ್ಕೀಸ್ ವೀಕ್ಷಣಾಲಯದಲ್ಲಿದ್ದ ವಿಲಿಯಂ ವಿಲ್ಸನ್ ಮಾರ್ಗನ್ ನಕ್ಷತ್ರದ ರೋಹಿತವನ್ನು ನೋಡಿದ ಮಾತ್ರಕ್ಕೆ ಅದು ಯಾವ ಬಗೆಯದು, ನಿಜದಲ್ಲಿ ಎಷ್ಟು ಪ್ರಕಾಶದ್ದು ಎಂದು ಹೇಳಬಲ್ಲವರಾಗಿದ್ದರು. ಇಂದಿಗೂ ನಾವು ಬಳಸುವ ನಕ್ಷತ್ರ ವರ್ಗೀಕರಣದ ಪದ್ಧತಿ ಅವರೂ ಫಿಲಿಪ್ ಕೀನನ್, ಎಡಿತ್ ಕೆಲ್ಮನ್ ಅವರೂ ಸೇರಿ 1943ರಲ್ಲಿ ಕೊಟ್ಟದ್ದು. ನಿಜದ ಪ್ರಕಾಶ ತಿಳಿದರೆ, ಕಾಣುವ ಪ್ರಕಾಶದೊಂದಿಗೆ ಹೋಲಿಸಿ ದೂರವನ್ನು ಲೆಕ್ಕ ಹಾಕಬಹುದು. ಇದೇ ಉಪಾಯದಿಂದ ಬಿಸಿ ನಕ್ಷತ್ರಗಳ ದೂರ ತೆಗೆದು, ನಮ್ಮ ಆಕಾಶಗಂಗೆಗೆ ಸುರುಳಿ ಬಾಹುಗಳಿವೆ ಎಂದು ಮಾರ್ಗನ್ 1951ರಲ್ಲಿ ತೋರಿಸಿದ್ದರು. ಬ್ಲಾವ್ ಅವರ ಚಲನೆ, ಮಾರ್ಗನ್ ಅವರ ದೂರ: ಒಂದಕ್ಕೊಂದು ಹೇಳಿಮಾಡಿಸಿದ ಜೋಡಿ. ಬ್ಲಾವ್ 1953ರಲ್ಲಿ ಯರ್ಕೀಸಿಗೆ ಬಂದು ನಾಲ್ಕು ವರ್ಷ ಅಲ್ಲಿದ್ದರು.

1953ರಲ್ಲಿ ಇಬ್ಬರೂ ಸೇರಿ ನೆದರ್‌ಲ್ಯಾಂಡ್ಸಿನ ಖಗೋಳ ಪತ್ರಿಕೆಯಲ್ಲಿ ಎಇ ಔರಿಗೆ ಮತ್ತು ಐಸಿ 405 ಕುರಿತು ಒಂದು ಪುಟ್ಟ ಟಿಪ್ಪಣಿ ಬರೆದರು. ಆ ನಕ್ಷತ್ರ ಆಕಾಶದಲ್ಲಿ ಹೆಚ್ಚುಕಡಿಮೆ ನೇರ ಉತ್ತರಕ್ಕೆ ಸಾಗುತ್ತಿದೆ. ಅದರ ಹೆಜ್ಜೆ ಹಿಡಿದು ದಕ್ಷಿಣಕ್ಕೆ ಹೋದರೆ ಸುಮಾರು 40 ಡಿಗ್ರಿ ಆಚೆ ಮಹಾವ್ಯಾಧನ ನೀಹಾರಿಕೆ ಸಿಗುತ್ತದೆ. ಅಂದರೆ ಅದರ ಊರು ಅಲ್ಲಿ. ತನ್ನ ಸುತ್ತ ಕೆಂಪಗೆ ಉರಿಯುತ್ತಿರುವ ಮೋಡಕ್ಕೂ ಅದಕ್ಕೂ ಹುಟ್ಟಿನ ನಂಟೇ ಇಲ್ಲ.

ನಕ್ಷತ್ರದ ಮತ್ತು ಮೋಡದ ರೋಹಿತಗಳೂ ಇದನ್ನೇ ಹೇಳುತ್ತವೆ. ಎಇ ಔರಿಗೆ ನಮ್ಮಿಂದ ಸೆಕೆಂಡಿಗೆ ಐವತ್ತೈದಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದ್ದರೆ, ಮೋಡದ ಅನಿಲದ ವೇಗ ಅದಕ್ಕಿಂತ ಬಹಳ ಕಡಿಮೆ. ಜೊತೆಗೆ ಹುಟ್ಟಿದವು ಹೀಗೆ ಬೇರೆ ಬೇರೆ ವೇಗದಲ್ಲಿ ಸಾಗುವುದಿಲ್ಲ. ರಾತ್ರಿ ದೀವಟಿಗೆ ಹಿಡಿದು ಗೊತ್ತಿಲ್ಲದ ಊರೊಂದನ್ನು ದಾಟಿ ಹೋಗುವವನಿಂದ ಆ ಊರಿನ ಗೋಡೆಗಳು ಬೆಳಗುತ್ತವಲ್ಲ, ಎಇ ಔರಿಗೆ ಮತ್ತು ಐಸಿ 405ರ ಸಂಬಂಧ ಅಷ್ಟೇ. ನಕ್ಷತ್ರದ ಅತಿನೇರಳೆ ಕಿರಣ ತಗುಲಿದ ಜಲಜನಕದ ಪರಮಾಣು ಇಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ, ಮತ್ತೆ ಇಲೆಕ್ಟ್ರಾನ್ ಹಿಡಿಯುವಾಗ ಕೆಂಪು ಬೆಳಕು ಬಿಡುತ್ತದೆ. ಮೋಡದಲ್ಲಿರುವ ಇಂಗಾಲದ ಧೂಳು ನಕ್ಷತ್ರದ ನೀಲಿ ಬೆಳಕನ್ನು ಚದುರಿಸಿ ಕೆಲವು ಭಾಗಗಳಿಗೆ ಹೊಗೆನೀಲಿ ಬಣ್ಣ ಕೊಡುತ್ತದೆ. ನಕ್ಷತ್ರ ದಾಟಿಹೋದ ಮೇಲೆ ಈ ಮೋಡ ಮತ್ತೆ ಕತ್ತಲಾಗುತ್ತದೆ. ನಮಗೆ ಅದು ಕಾಣುತ್ತಿರುವುದೇ ಒಂದು ಆಕಸ್ಮಿಕ ಭೇಟಿಯಿಂದ.

ಮಾರನೇ ವರ್ಷ ಬಂದದ್ದು ಇನ್ನೂ ದೊಡ್ಡ ಅಚ್ಚರಿ. ಕಪೋತ ಎಂಬ ಪುಟ್ಟ ದಕ್ಷಿಣ ಪುಂಜದಲ್ಲಿ ಮ್ಯೂ ಕೊಲಂಬೆ ಎಂಬ ನಕ್ಷತ್ರವಿದೆ. ರೋಹಿತದಲ್ಲಿ ಅದು ಎಇ ಔರಿಗೆಯ ಅವಳಿಯಂತಿದೆ. ಅದೂ ಒಂಟಿ, ಅದೂ ಅತಿ ವೇಗದ್ದು. ಸಾಗುತ್ತಿರುವುದು ಮಾತ್ರ ದಕ್ಷಿಣಕ್ಕೆ. ಅದರ ಹೆಜ್ಜೆ ಹಿಡಿದು ಉತ್ತರಕ್ಕೆ ಬಂದರೆ 27 ಡಿಗ್ರಿ ದೂರದಲ್ಲಿ ಅದೇ ಮಹಾವ್ಯಾಧನ ನೀಹಾರಿಕೆ! ಬ್ಲಾವ್ ಮತ್ತು ಮಾರ್ಗನ್ ಲೆಕ್ಕ ಹಾಕಿ ನೋಡಿದರು. ಮಹಾವ್ಯಾಧನಿಗೆ ಹೋಲಿಸಿದರೆ ಎರಡೂ ಸೆಕೆಂಡಿಗೆ ಸುಮಾರು 127 ಕಿಲೋಮೀಟರ್ ವೇಗದಲ್ಲಿ, ಬಹುತೇಕ ತದ್ವಿರುದ್ಧ ದಿಕ್ಕಿನಲ್ಲಿ ಓಡುತ್ತಿದ್ದವು. ಎರಡೂ ಅಲ್ಲಿಂದ ಹೊರಟದ್ದು ಒಂದೇ ಕಾಲಕ್ಕೆ, ಸುಮಾರು 26 ಲಕ್ಷ ವರ್ಷಗಳ ಹಿಂದೆ. ಆಫ್ರಿಕದಲ್ಲಿ ನಮ್ಮ ಪೂರ್ವಜರು ಕಲ್ಲು ಒಡೆದು ಹರಿತ ಮಾಡಲು ಕಲಿಯುತ್ತಿದ್ದ ಕಾಲ ಅದು.

ಲೇಖನ 1954ರಲ್ಲಿ ‘ಆಸ್ಟ್ರೊಫಿಸಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅದರ ಸಂಪಾದಕರಾಗಿದ್ದವರು ಯರ್ಕೀಸಿನಲ್ಲೇ ಇದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್. 1952ರಿಂದ ಸುಮಾರು ಎರಡು ದಶಕ ಆ ಪತ್ರಿಕೆಯನ್ನು ನಡೆಸಿದವರು ಅವರೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಮಾರ್ಗನ್ ಮತ್ತು ಬ್ಲಾವ್ ಇದ್ದ ವಿಸ್ಕಾನ್ಸಿನ್ನಿನಿಂದ ನೋಡಿದರೆ ಮ್ಯೂ ಕೊಲಂಬೆ ದಕ್ಷಿಣ ದಿಗಂತದಿಂದ ಹದಿನೈದು ಡಿಗ್ರಿಗಿಂತ ಮೇಲೇರುವುದಿಲ್ಲ. ನೆದರ್‌ಲ್ಯಾಂಡ್ಸಿನಿಂದಲಂತೂ ಅದು ದಿಗಂತಕ್ಕೇ ತಾಗಿಕೊಂಡಿರುತ್ತದೆ. ಕರ್ನಾಟಕದವರ ಭಾಗ್ಯ ದೊಡ್ಡದು. ಫೆಬ್ರವರಿ ಮೊದಲ ವಾರ ರಾತ್ರಿ ಎಂಟರ ಸುಮಾರಿಗೆ ಮಹಾವ್ಯಾಧ ನಡುನೆತ್ತಿಯ ಸಮೀಪದಲ್ಲಿ ನಿಂತಿರುತ್ತಾನೆ. ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ಕತ್ತಿಯನ್ನು ಗುರುತಿಸಿ, ಅಲ್ಲಿಂದ ನೇರ ಉತ್ತರಕ್ಕೆ ಬ್ರಹ್ಮಹೃದಯದ ಕಡೆ ಹೋದರೆ ದಾರಿಯಲ್ಲಿ ಎಇ ಔರಿಗೆ; ದಕ್ಷಿಣಕ್ಕೆ ಹೋಗಿ ಮೊಲದ ಪುಂಜ ದಾಟಿದರೆ, ದಿಗಂತದಿಂದ ಸುಮಾರು 45 ಡಿಗ್ರಿ ಎತ್ತರದಲ್ಲಿ ಮ್ಯೂ ಕೊಲಂಬೆ. ಊರ ಬೆಳಕಿನಿಂದ ದೂರ ಹೋದರೆ ಎರಡನೆಯದು ಬರಿಗಣ್ಣಿಗೇ ಕಾಣುತ್ತದೆ, ಮೊದಲನೆಯದಕ್ಕೆ ಬೈನಾಕ್ಯುಲರ್ ಬೇಕು. ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಒಂದೇ ಸ್ಫೋಟದ ಎರಡು ಚೂರುಗಳಂತೆ ಬೇರೆಯಾದ ಈ ಜೋಡಿಯನ್ನು ಒಂದೇ ರಾತ್ರಿಯಲ್ಲಿ ಇಷ್ಟು ಚೆನ್ನಾಗಿ ನೋಡಲು ನಮ್ಮ ಅಕ್ಷಾಂಶ ಹೇಳಿಮಾಡಿಸಿದ್ದು.

ಈಗ ಪ್ರಶ್ನೆ: ಒದ್ದವರು ಯಾರು? ಸೂರ್ಯನ ಇಪ್ಪತ್ತು ಪಟ್ಟು ತೂಕದ ಎರಡು ಗೋಳಗಳನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಎಸೆಯುವುದು ಸಣ್ಣ ಮಾತಲ್ಲ. ಆ ವೇಗದಲ್ಲಿ ಹೊರಟರೆ ಇಲ್ಲಿಂದ ಚಂದ್ರನನ್ನು ಒಂದು ಗಂಟೆಯೊಳಗೆ ತಲುಪಬಹುದು. ಸ್ವಲ್ಪ ದಿನಗಳಲ್ಲೇ ಮೇಷ ಪುಂಜದ 53 ಏರಿಯೆಟಿಸ್ ಎಂಬ ಮೂರನೆಯ ನಕ್ಷತ್ರದ ಹೆಜ್ಜೆಯೂ ಮಹಾವ್ಯಾಧನ ಕಡೆಯಿಂದಲೇ ಬಂದಂತೆ ಕಂಡಿತು. ಅದು ಹೊರಟದ್ದು ಇನ್ನೂ ಹಿಂದೆ.

ಸ್ವಿಟ್ಜರ್‌ಲೆಂಡ್ ಮೂಲದ ಫ್ರಿಟ್ಸ್ ಜ್ವಿಕಿ 1957ರಲ್ಲಿ ಒಂದು ಹೊಳಹು ಕೊಟ್ಟರು: ಜೋಡಿ ನಕ್ಷತ್ರಗಳಲ್ಲಿ ಒಂದು ಸೂಪರ್‌ನೋವಾ ಆಗಿ ಸಿಡಿದರೆ ಇನ್ನೊಂದು ಕಳಚಿಕೊಂಡು ಹೋಗಬಹುದು. ಇದನ್ನು ಪೂರ್ತಿ ಸಿದ್ಧಾಂತವಾಗಿ ಕಟ್ಟಿದವರು ಬ್ಲಾವ್, 1961ರಲ್ಲಿ. ಅಷ್ಟರಲ್ಲಿ ಅವರ ಪಟ್ಟಿಯಲ್ಲಿ ಇಂಥ ಓಡಿಹೋದ ನಕ್ಷತ್ರಗಳು ಇಪ್ಪತ್ತರ ಆಸುಪಾಸಿಗೆ ಬಂದಿದ್ದವು. ಆ ಪಟ್ಟಿಯನ್ನು ನೋಡುತ್ತಾ ಅವರು ಗಮನಿಸಿದ ಒಂದು ಸಂಗತಿ ಬಹಳ ಮುಖ್ಯ: ಭಾರದ ನಕ್ಷತ್ರಗಳು ಸಾಮಾನ್ಯವಾಗಿ ಜೋಡಿಯಲ್ಲೇ ಇರುತ್ತವೆ, ಓಡಿಹೋದವು ಮಾತ್ರ ಒಂಟಿ. ಜೊತೆಗಾರನನ್ನು ಕಳೆದುಕೊಂಡದ್ದರಿಂದಲೇ ಇವು ಓಡುತ್ತಿವೆ ಎಂದು ಅವರು ತರ್ಕಿಸಿದರು. ಜೋಡಿಯಲ್ಲಿ ಎರಡೂ ಪರಸ್ಪರ ಗುರುತ್ವದ ಹಿಡಿತದಲ್ಲಿ ವೇಗವಾಗಿ ಸುತ್ತುತ್ತಿರುತ್ತವೆ. ಹೆಚ್ಚು ಭಾರದ್ದು ಮೊದಲು ಮುದಿಯಾಗಿ ಸಿಡಿದು ತನ್ನ ತೂಕದ ಬಹುಪಾಲನ್ನು ಕ್ಷಣದಲ್ಲಿ ಹೊರಗೆ ಚೆಲ್ಲುತ್ತದೆ. ಜೋಡಿಯ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಥಟ್ಟನೆ ಹೋದರೆ ಹಿಡಿತ ತಪ್ಪುತ್ತದೆ. ಉಳಿದ ನಕ್ಷತ್ರ ಆ ಹೊತ್ತಿಗೆ ಯಾವ ದಿಕ್ಕಿಗೆ ಸುತ್ತುತ್ತಿತ್ತೋ ಆ ದಿಕ್ಕಿಗೆ, ಅದೇ ವೇಗದಲ್ಲಿ ಹೊರಟುಬಿಡುತ್ತದೆ. ಯಾರೂ ಒದೆಯಬೇಕಾಗಿಲ್ಲ, ಬಿಟ್ಟರೆ ಸಾಕು.

ಸಿದ್ಧಾಂತ ಸೊಗಸಾಗಿತ್ತು, ಅನೇಕ ನಕ್ಷತ್ರಗಳಿಗೆ ಹೊಂದಿತು. ಹೊಂದದೆ ಉಳಿದದ್ದು ಈ ಇಡೀ ವಿಚಾರವನ್ನು ಹುಟ್ಟುಹಾಕಿದ ಜೋಡಿಯೇ. ಒಂದು ಸೂಪರ್‌ನೋವಾ ಒಂದು ನಕ್ಷತ್ರವನ್ನು ಓಡಿಸಬಲ್ಲದು. ಒಂದೇ ಕಾಲಕ್ಕೆ, ಒಂದೇ ವೇಗದಲ್ಲಿ, ಎದುರುಬದುರು ದಿಕ್ಕಿಗೆ ಎರಡನ್ನು ಓಡಿಸುವುದು ಹೇಗೆ?

ಎರಡನೇ ದಾರಿ ಮೆಕ್ಸಿಕೋದಿಂದ ಬಂತು. ಅರ್ಕಾದಿಯೊ ಪೊವೆದಾ, ಹೈಮೆ ರುಯಿಸ್, ಕ್ರಿಸ್ಟೀನ್ ಆಲೆನ್ 1967ರಲ್ಲಿ ಕಂಪ್ಯೂಟರಿನಲ್ಲಿ ಭಾರದ ನಕ್ಷತ್ರಗಳ ಪುಟ್ಟ, ಒತ್ತಾದ ಗುಂಪುಗಳನ್ನು ಕಟ್ಟಿ, ಅವು ಒಂದನ್ನೊಂದು ಸೆಳೆಯುತ್ತಾ ಏನು ಮಾಡುತ್ತವೆ ಎಂದು ಲೆಕ್ಕ ಹಾಕಿದರು. ಕೆಲವು ನಕ್ಷತ್ರಗಳು ಉಳಿದವುಗಳಿಂದ ಶಕ್ತಿ ಕಸಿದುಕೊಂಡು ಹೊರಕ್ಕೆ ಸಿಡಿಯುತ್ತಿದ್ದವು. ಸೂಪರ್‌ನೋವಾದ ಹಂಗೇ ಬೇಕಿಲ್ಲ. ನ್ಯೂಟನ್ನನ ಗುರುತ್ವ, ಮತ್ತು ಸಾಕಷ್ಟು ಇಕ್ಕಟ್ಟು, ಇವೆರಡೇ ಸಾಕು.

1986ರಲ್ಲಿ ಡಗ್ಲಸ್ ಗೀಸ್ ಮತ್ತು ಟಾಮ್ ಬೋಲ್ಟನ್ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸಾಕ್ಷಿಯನ್ನೇ ತೋರಿಸಿದರು. ಮಹಾವ್ಯಾಧನ ಕತ್ತಿಯ ತುದಿಯಲ್ಲಿ ಹೊಳೆಯುವ ಅಯೋಟಾ ಓರಿಯೋನಿಸ್ ಬರಿಗಣ್ಣಿಗೆ ಒಂದೇ ಚುಕ್ಕೆ. ನಿಜದಲ್ಲಿ ಎರಡು ಭಾರದ ನಕ್ಷತ್ರಗಳು 29 ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತಿವೆ. ಇಷ್ಟು ಹತ್ತಿರದ ಜೋಡಿಯ ಕಕ್ಷೆ ವೃತ್ತಕ್ಕೆ ಸಮೀಪವಾಗಿರುತ್ತದೆ ಎಂದು ನಿರೀಕ್ಷಿಸಬಹುದು. ಇದರದ್ದು ವಿಪರೀತ ಉದ್ದನೆಯ ದೀರ್ಘವೃತ್ತ. ಎರಡೂ ಹುಟ್ಟಿನಿಂದ ಜೊತೆಗಿದ್ದವಲ್ಲ, ಯಾವುದೋ ಗದ್ದಲದಲ್ಲಿ ಒಂದಕ್ಕೊಂದು ಸಿಕ್ಕಿಕೊಂಡವು ಎಂಬ ಗುಮಾನಿಗೆ ಇದು ಎಡೆಮಾಡುತ್ತದೆ. ಗೀಸ್ ಮತ್ತು ಬೋಲ್ಟನ್ ಹೇಳಿದ್ದಿಷ್ಟು: ಒಂದು ಕಾಲಕ್ಕೆ ಮಹಾವ್ಯಾಧನ ಗುಂಪಿನಲ್ಲಿ ಎರಡು ಜೋಡಿಗಳಿದ್ದವು. ಅವು ಒಂದಕ್ಕೊಂದು ತೀರಾ ಹತ್ತಿರ ಬಂದವು. ನಾಲ್ಕರ ನಡುವಿನ ಸೆಳೆದಾಟದಲ್ಲಿ ಜೋಡಿಗಳು ಕಲೆಸಿಹೋದವು. ಎರಡು ನಕ್ಷತ್ರಗಳು ಹೊಸ ಜೋಡಿಯಾಗಿ ಬಿಗಿಯಾಗಿ ಕಟ್ಟಿಕೊಂಡವು, ಹಾಗೆ ಬಿಗಿಯಾಗುವಾಗ ಬಿಡುಗಡೆಯಾದ ಶಕ್ತಿ ಇನ್ನೆರಡನ್ನು ಎರಡು ದಿಕ್ಕಿಗೆ ಎಸೆಯಿತು. ಉಳಿದ ಜೋಡಿ ಅಯೋಟಾ ಓರಿಯೋನಿಸ್. ಎಸೆಯಲ್ಪಟ್ಟವು ಎಇ ಔರಿಗೆ ಮತ್ತು ಮ್ಯೂ ಕೊಲಂಬೆ.

ಇದನ್ನು ಪರೀಕ್ಷಿಸಲು ಇನ್ನೂ ನವುರಾದ ಅಳತೆ ಬೇಕಿತ್ತು. ಯುರೋಪಿನ ಹಿಪಾರ್ಕಸ್ ಉಪಗ್ರಹ 1989ರ ಆಗಸ್ಟಿನಲ್ಲಿ ಮೇಲೇರಿತು. ಅದರ ಒಂದು ಮೋಟಾರು ಹತ್ತದೆ ತಪ್ಪು ಕಕ್ಷೆಯಲ್ಲಿ ಸಿಕ್ಕಿಕೊಂಡಿತು. ಆದರೂ ಕೈಬಿಡದೆ ಕೆಲಸ ತೆಗೆದವರ ಛಲದಿಂದ 1,18,218 ನಕ್ಷತ್ರಗಳ ಸ್ಥಾನ, ದೂರ, ನಿಜಚಲನೆಗಳು ಕೋನ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮಟ್ಟಿಗೆ 1997ರಲ್ಲಿ ಪ್ರಕಟವಾದವು. ಲೈಡನ್ನಿನ ರೋನಿ ಹೂಗರ್‌ವರ್ಫ್, ಯೋಸ್ ಡಿ ಬ್ರೌನೆ, ಟಿಮ್ ಡಿ ಝೀವ್ ಆ ಅಂಕಿಗಳನ್ನು ಹಿಡಿದು, ಅಳತೆಯಲ್ಲಿರಬಹುದಾದ ತಪ್ಪುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಲಕ್ಷಗಟ್ಟಲೆ ಸಲ ಮೂರೂ ನಕ್ಷತ್ರಗಳನ್ನು ಆಕಾಶಗಂಗೆಯ ಗುರುತ್ವದಲ್ಲಿ ಹಿಂದಕ್ಕೆ ಓಡಿಸಿದರು. ಸುಮಾರು 25 ಲಕ್ಷ ವರ್ಷಗಳ ಹಿಂದೆ ಅಯೋಟಾ ಓರಿಯೋನಿಸ್, ಎಇ ಔರಿಗೆ, ಮ್ಯೂ ಕೊಲಂಬೆ ಒಂದೇ ಕಡೆ ಸೇರುತ್ತವೆ ಎಂದು ಕಂಡಿತು. ಬ್ಲಾವ್ ಮತ್ತು ಮಾರ್ಗನ್ ಗಾಜಿನ ಫಲಕಗಳ ಕಾಲದಲ್ಲಿ ಹೇಳಿದ್ದು 26 ಲಕ್ಷ. ಅರ್ಧ ಶತಮಾನದ ಹಿಂದಿನ ಆ ಅಂಕಿ ಇಷ್ಟು ಹತ್ತಿರ ಬಂದದ್ದನ್ನು ಓದಿದಾಗ, ಯಾರದೋ ಕೈಬರಹದ ಪಟ್ಟಿಗಳಲ್ಲಿ ಸ್ಥಾನಗಳನ್ನು ಬರೆದಿಟ್ಟು ಹೋದ ಹೆಸರಿಲ್ಲದ ಅನೇಕರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಲೈಡನ್ ತಂಡ 2001ರಲ್ಲಿ ಪ್ರಕಟಿಸಿದ ದೊಡ್ಡ ಲೇಖನದ ಶೀರ್ಷಿಕೆ ಬ್ಲಾವ್ 1961ರಲ್ಲಿ ಕೊಟ್ಟ ಶೀರ್ಷಿಕೆಯನ್ನೇ ಎತ್ತಿಕೊಂಡು, ಮುಂದೆ ‘ಭಾಗ 2’ ಎಂದು ಸೇರಿಸುತ್ತದೆ. ನಲವತ್ತು ವರ್ಷಗಳ ನಂತರ ಬಂದ ಎರಡನೇ ಭಾಗ! ಬ್ಲಾವ್ ಆಗ ಎಂಬತ್ತಾರರ ಮುದುಕರು. ಗ್ರೋನಿಂಗನ್ನಿನಲ್ಲಿ 2010ರ ಡಿಸೆಂಬರಿನಲ್ಲಿ ತೀರಿಕೊಂಡರು.

ಹಾಗಾದರೆ ಸೂಪರ್‌ನೋವಾದ ದಾರಿ ಸುಳ್ಳೇ? ಖಂಡಿತ ಇಲ್ಲ. ಅದಕ್ಕೆ ಎಲ್ಲರೂ ಎತ್ತಿ ತೋರಿಸುವ ನಕ್ಷತ್ರ ಉರಗಧರ ಪುಂಜದ ಝೀಟಾ ಒಫಿಯೂಕಿ. ಅದೂ ಓ-ವರ್ಗದ್ದೇ, ನಮಗೆ ಇನ್ನೂ ಹತ್ತಿರ. ನಾಲ್ಕುನೂರು ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿದ್ದು, ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ; ನಡುವೆ ಧೂಳು ಅಡ್ಡ ಬರದಿದ್ದರೆ ಆಕಾಶದ ಅತಿ ಪ್ರಕಾಶದ ನಕ್ಷತ್ರಗಳ ಸಾಲಿನಲ್ಲಿ ನಿಲ್ಲುತ್ತಿತ್ತು. ತನ್ನ ಸುತ್ತಲಿನ ಅನಿಲವನ್ನು ಅದು ಎಷ್ಟು ದೂರ ಬೆಳಗಿಸಿದೆ ಎಂದರೆ ಆ ನೀಹಾರಿಕೆ ಆಕಾಶದಲ್ಲಿ ಹತ್ತು ಡಿಗ್ರಿಯಷ್ಟು ಹರಡಿದೆ. ತನ್ನ ಅಕ್ಷದ ಮೇಲೆ ಅದು ತಿರುಗುವ ವೇಗವೂ ವಿಪರೀತ. ಸಿಡಿಯುವ ಮೊದಲು ಜೊತೆಗಾರ ಅದರ ಮೇಲೆ ಸುರಿದ ಅನಿಲದಿಂದ ಹೀಗೆ ಗಿರಗಿರ ತಿರುಗುತ್ತಿದೆ ಎಂದು ಬಹಳ ಜನ ಭಾವಿಸುತ್ತಾರೆ.

ಓಡುವ ನಕ್ಷತ್ರ ಮೋಡವನ್ನು ಬೆಳಗಿಸುವುದಷ್ಟೇ ಅಲ್ಲ, ಅದರ ಆಕಾರವನ್ನೂ ತಿದ್ದುತ್ತದೆ ಎಂಬುದು ಇದರಿಂದಲೇ ಮೊದಲು ಕಂಡುಬಂದದ್ದು. ಬಿಸಿ ನಕ್ಷತ್ರಗಳಿಂದ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವೇಗದ ಗಾಳಿ ಎಲ್ಲ ದಿಕ್ಕಿಗೂ ಬೀಸುತ್ತಿರುತ್ತದೆ. ನಿಂತ ನಕ್ಷತ್ರವಾದರೆ ಸುತ್ತಲೂ ಒಂದು ಗುಳ್ಳೆಯಾಗುತ್ತದೆ. ಓಡುತ್ತಿರುವುದಾದರೆ ಮುಂಭಾಗದಲ್ಲಿ ಈ ಗಾಳಿಯೂ ಎದುರಿನ ಅನಿಲವೂ ಡಿಕ್ಕಿ ಹೊಡೆದು, ಅಲ್ಲಿ ಅನಿಲ ಮತ್ತು ಧೂಳು ಒತ್ತೊತ್ತಾಗಿ ಸೇರಿ, ಬಿಲ್ಲಿನಂತೆ ಬಾಗಿದ ಗೋಡೆಯಾಗುತ್ತದೆ. 1979ರಲ್ಲಿ ಥಿಯೋಡೋರ್ ಗಲ್ ಮತ್ತು ಸಬಾಟಿನೊ ಸೋಫಿಯಾ ಝೀಟಾ ಒಫಿಯೂಕಿಯ ಮುಂದೆ ಇಂಥ ಬಾಗಿದ ಆಕೃತಿಯನ್ನು ಗುರುತಿಸಿದರು. 1980ರ ದಶಕದಲ್ಲಿ ಐರಾಸ್ ಉಪಗ್ರಹ ಅವಕೆಂಪು ಬೆಳಕಿನಲ್ಲಿ ಇಡೀ ಆಕಾಶವನ್ನು ಜಾಲಾಡಿದಾಗ ಹತ್ತಾರು ನಕ್ಷತ್ರಗಳ ಮುಂದೆ ಇವು ಕಂಡವು, ಏಕೆಂದರೆ ಬಿಸಿಯಾದ ಧೂಳು ಹೊಳೆಯುವುದು ಆ ಬೆಳಕಿನಲ್ಲೇ. ಸ್ಪಿಟ್ಜರ್ ದೂರದರ್ಶಕದಿಂದ 2007ರಲ್ಲಿ ಎಇ ಔರಿಗೆಯ ಮುಂದೆಯೂ ಇಂಥದ್ದು ಸಿಕ್ಕಿತು. ಫ್ರಾನ್ಸಿನ ಪ್ಯಾಟ್ರಿಕ್ ಬೋಸೆ ಮತ್ತು ಸಂಗಡಿಗರು ಇದೇ ನಕ್ಷತ್ರವನ್ನು ವರ್ಷದಿಂದ ವರ್ಷಕ್ಕೆ ನೋಡುತ್ತಾ ಬಂದಿದ್ದಾರೆ. ಪ್ರತಿವರ್ಷ ಅದು ಭೂಮಿ-ಸೂರ್ಯರ ಅಂತರದ ಸುಮಾರು ಹದಿನೇಳು ಪಟ್ಟು ಅಡ್ಡಕ್ಕೆ ಸರಿಯುವುದರಿಂದ, ಅದರ ಬೆಳಕು ಮೋಡದ ಬೇರೆ ಬೇರೆ ಪದರಗಳನ್ನು ಹಾದು ಬರುತ್ತದೆ. ರೋಹಿತದಲ್ಲಿ ಇಂಗಾಲ-ಜಲಜನಕದ ಅಣುಗಳ ಗೆರೆಗಳು ನಿಧಾನವಾಗಿ ಬದಲಾದವು. ಅಂತರತಾರಾ ಮೋಡದ ಇಷ್ಟು ಸಣ್ಣ ವಿವರಗಳನ್ನು ತಡವಿ ನೋಡಲು ಇದೊಂದು ಅಪರೂಪದ ಸಲಕರಣೆ.

ಮತ್ತೆ ಝೀಟಾ ಒಫಿಯೂಕಿಗೆ ಬರೋಣ. ಅದರ ಜೊತೆಗಾರ ಸಿಡಿದಿದ್ದರೆ ಹಿಂದೆ ಒಂದು ನ್ಯೂಟ್ರಾನ್ ನಕ್ಷತ್ರ ಉಳಿದಿರಬೇಕು. ಬ್ಲಾವ್ 1961ರಲ್ಲಿ ಬರೆಯುವಾಗ ಅಂಥದ್ದೊಂದನ್ನು ಯಾರೂ ಕಂಡಿರಲಿಲ್ಲ. ಪಲ್ಸಾರ್ ಎಂದು ಕರೆಯುವುದು ಇಂಥ ನ್ಯೂಟ್ರಾನ್ ನಕ್ಷತ್ರವನ್ನೇ; ಜೋಸೆಲಿನ್ ಬೆಲ್ ಮೊದಲ ಪಲ್ಸಾರನ್ನು ಗುರುತಿಸಿದ್ದು 1967ರಲ್ಲಿ. ಲೈಡನ್ ತಂಡ 2001ರಲ್ಲಿ ಒಂದು ಪಲ್ಸಾರನ್ನು ಹೆಸರಿಸಿ, ಎರಡೂ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ವೃಶ್ಚಿಕದ ಮೇಲ್ಭಾಗದ ಗುಂಪಿನಲ್ಲಿ ಜೊತೆಗಿದ್ದವು ಎಂದಿತು. ಆಮೇಲೆ ರೇಡಿಯೋ ದೂರದರ್ಶಕಗಳ ಜಾಲದಿಂದ ಆ ಪಲ್ಸಾರಿನ ದೂರ ಮತ್ತು ಚಲನೆ ಹೆಚ್ಚು ನಿಖರವಾಗಿ ತಿಳಿದ ಹಾಗೆಲ್ಲ ಆ ಜೋಡಿ ಸಡಿಲವಾಗುತ್ತಾ ಹೋಯಿತು. ಜರ್ಮನಿಯ ರಾಲ್ಫ್ ನೋಯ್‌ಹೌಸರ್ ಮತ್ತು ಸಂಗಡಿಗರು 2020ರಲ್ಲಿ ಇನ್ನೊಂದು ಪಲ್ಸಾರನ್ನು ಮುಂದಿಟ್ಟರು: ಸುಮಾರು 17.8 ಲಕ್ಷ ವರ್ಷಗಳ ಹಿಂದೆ, ನಮ್ಮಿಂದ 350 ಜ್ಯೋತಿರ್ವರ್ಷದಷ್ಟು ದೂರದಲ್ಲಿ ಸ್ಫೋಟ. ಸಮುದ್ರದಾಳದ ಕಬ್ಬಿಣ-ಮ್ಯಾಂಗನೀಸ್ ಪದರಗಳಲ್ಲಿ ಕಬ್ಬಿಣ-60 ಎಂಬ ವಿಕಿರಣಶೀಲ ಐಸೊಟೋಪ್ ಸಿಕ್ಕಿದೆ. ಅದರ ಅರ್ಧಾಯುಷ್ಯ ಸುಮಾರು 26 ಲಕ್ಷ ವರ್ಷ, ಆದ್ದರಿಂದ ಅದು ಭೂಮಿ ಹುಟ್ಟಿದಾಗಿನದಾಗಿರಲು ಸಾಧ್ಯವಿಲ್ಲ. ಇತ್ತೀಚಿನ ಯಾವುದೋ ಸೂಪರ್‌ನೋವಾದಿಂದ ಬಂದದ್ದು. ಆ ಕಬ್ಬಿಣದ ಒಂದಷ್ಟು ಪಾಲು ಇದೇ ಸ್ಫೋಟದ್ದಿರಬಹುದು ಎಂಬುದು ಅವರ ಸೂಚನೆ.

ಈ ಲೆಕ್ಕದಲ್ಲಿ ಒಂದು ತೊಡಕು ಮಾತ್ರ ಹಾಗೇ ಇದೆ. ಪಲ್ಸಾರಿನ ರೋಹಿತದಲ್ಲಿ ಅಳೆಯಬಹುದಾದ ಗೆರೆಗಳಿಲ್ಲ. ಅದು ಅಡ್ಡಕ್ಕೆ ಎಷ್ಟು ಓಡುತ್ತಿದೆ ಎಂದು ರೇಡಿಯೋ ಜಾಲ ಹೇಳುತ್ತದೆ, ನಮ್ಮತ್ತ ಅಥವಾ ನಮ್ಮಿಂದಾಚೆ ಎಷ್ಟು ಓಡುತ್ತಿದೆ ಎಂದು ತಿಳಿಯುವ ಉಪಾಯವಿಲ್ಲ. ಹಾಗಾಗಿ ಸಂಭವನೀಯ ವೇಗಗಳನ್ನೆಲ್ಲ ಒಂದೊಂದಾಗಿ ಹಾಕಿ, ಯಾವುದರಲ್ಲಿ ಎರಡು ಹೆಜ್ಜೆಗಳು ಕೂಡುತ್ತವೆ ಎಂದು ನೋಡಬೇಕು. ಮಾರ್ಗನ್ ಮತ್ತು ಬ್ಲಾವ್ ಅವರ ಬಳಿ ನಿಜಚಲನೆ, ರೋಹಿತದ ವೇಗ, ದೂರ ಮೂರೂ ಇದ್ದವು. ಇಲ್ಲಿ ಎರಡೇ ಇವೆ. ಝೀಟಾ ಒಫಿಯೂಕಿಯ ಜೊತೆಗಾರನಾಗಿದ್ದದ್ದು ಯಾವ ಪಲ್ಸಾರ್ ಎಂಬುದರ ತೀರ್ಮಾನ ಆ ಮೂರನೆಯದಕ್ಕಾಗಿ ಕಾಯುತ್ತಿದೆ.